ಹೊತ್ತು ಹೇಳುವ ಗೋಪುರಗಳು

ಹಾಲಿನವನ ಕೂಗು, ಶಾಲೆಯ ಗಂಟೆ, ಕುಕ್ಕರಿನ ಸೀಟಿ. ನಮ್ಮಂಥ ಗೃಹಿಣಿಯರಿಗೆ ಇವೇ ಗಡಿಯಾರ, ಅಲ್ಲವೇನ್ರೀ? ಒಂದು ಇಡೀ ರಾಜಧಾನಿಗೆ ಹೊತ್ತು ಹೇಳುತ್ತಿದ್ದ ಎರಡು ಗೋಪುರಗಳ ಸಂಗತಿ ಈ ಸಲ ಹೇಳುತ್ತೇನೆ, ಕೇಳಿ.

ಚೀನಾದ ಬೀಜಿಂಗ್ ನಗರದಲ್ಲಿ, ಅರಮನೆಯ ಉತ್ತರಕ್ಕೆ ನಗಾರಿ ಗೋಪುರ, ಅದರ ಬೆನ್ನಿಗೇ ಗಂಟೆ ಗೋಪುರ. ಮೊದಲು ಕಟ್ಟಿಸಿದ್ದು 1272ರಲ್ಲಿ, ಕುಬ್ಲಾಯಿ ಖಾನನ ಕಾಲದಲ್ಲಿ. ಬೆಂಕಿಗೆ ಆಹುತಿಯಾಗಿದ್ದ ಗಂಟೆ ಗೋಪುರವನ್ನು 1745ರಲ್ಲಿ ಮತ್ತೆ ಕಟ್ಟಲು ತೊಡಗಿದಾಗ, ಇನ್ನು ಸುಡಬಾರದೆಂದು ಮರ ಬಿಟ್ಟು ಕಲ್ಲು, ಇಟ್ಟಿಗೆ ಬಳಸಿದರು. ಒಳಗಿನ ಕಂಚಿನ ಗಂಟೆಯ ತೂಕ ಸುಮಾರು 63 ಟನ್! ಹದಿನೆಂಟು ಪೆಟ್ಟು ಬೇಗ ಬೇಗ, ಹದಿನೆಂಟು ನಿಧಾನ, ಹೀಗೆ ಮೂರು ಸಲ, ಒಟ್ಟು 108. 1924ರಲ್ಲಿ ಕೊನೆಯ ದೊರೆ ಪುಯಿಯನ್ನು ಅರಮನೆಯಿಂದ ಹೊರಡಿಸಿದ ಮೇಲೆ ಈ ಪದ್ಧತಿ ನಿಂತುಹೋಯಿತು.

ಆ ಗಂಟೆಗೊಂದು ಕಥೆಯಿದೆ. ಎಷ್ಟು ಸಲ ಎರಕ ಹೊಯ್ದರೂ ಕೂಡಲಿಲ್ಲವಂತೆ. ತಪ್ಪಿದರೆ ಅಪ್ಪನ ತಲೆ ಹೋಗುತ್ತದೆಂದು ಮಗಳು ಕುದಿಯುವ ಲೋಹಕ್ಕೆ ಹಾರಿದಳಂತೆ. ಹಿಡಿಯಹೋದ ಅಪ್ಪನ ಕೈಗೆ ಸಿಕ್ಕಿದ್ದು ಒಂದು ಪಾದರಕ್ಷೆ ಮಾತ್ರ. ಚೀನೀ ಭಾಷೆಯಲ್ಲಿ ಪಾದರಕ್ಷೆಗೆ 'ಶಿಯೆ' ಎನ್ನುತ್ತಾರೆ. ಗಂಟೆಯ ದನಿಯೂ ಹಾಗೇ ಕೇಳುತ್ತಿತ್ತಂತೆ. "ಮಲಗು ಮಗು, ಅವಳು ತನ್ನ ಪಾದರಕ್ಷೆ ಕೇಳುತ್ತಿದ್ದಾಳೆ" ಎಂದು ತಾಯಂದಿರು ಹೇಳುತ್ತಿದ್ದರಂತೆ. ಓದಿದಾಗ ನನಗೆ ನಮ್ಮ ಕೆರೆಗೆ ಹಾರವಾದ ಭಾಗೀರಥಿ ನೆನಪಾದಳು. ಊರ ಕೆಲಸ ಕೈಗೂಡಲು ಅಲ್ಲೂ ಹೆಣ್ಣೇ ಬೇಕಾಯಿತು, ನೋಡಿ.

ಗೋಪುರಗಳ ಸುತ್ತ ಹುಟಾಂಗ್ ಎಂಬ ಇಕ್ಕಟ್ಟಾದ ಓಣಿಗಳಿವೆ. ನಡುವೆ ಅಂಗಳ, ನಾಲ್ಕೂ ಕಡೆ ಮನೆ. ಒಂದು ಕುಟುಂಬಕ್ಕೆಂದು ಕಟ್ಟಿದ ಅಂಗಳದಲ್ಲಿ ಬರಬರುತ್ತಾ ಹಲವು ಸಂಸಾರಗಳು ಸೇರಿಕೊಂಡವು. ಎಷ್ಟೋ ಮನೆಗಳಲ್ಲಿ ಕಕ್ಕಸಿಲ್ಲದೆ ಓಣಿಯ ಸಾರ್ವಜನಿಕ ಕಕ್ಕಸಿಗೇ ಹೋಗಬೇಕು. ಇತ್ತೀಚಿನ ವರ್ಷಗಳಲ್ಲಿ ಗೋಪುರಗಳ ನಡುವಿನ ಚೌಕದ ಪಕ್ಕದ ಕೆಲವು ಮನೆಗಳನ್ನು ಕೆಡವಿ, ಅಲ್ಲಿದ್ದವರನ್ನು ಬೇರೆಡೆಗೆ ಕಳಿಸಿದರು. 2024ರಲ್ಲಿ ಈ ಗೋಪುರಗಳಿಂದ ದಕ್ಷಿಣಕ್ಕೆ 7.8 ಕಿಲೋಮೀಟರ್ ಉದ್ದದ ನಗರದ ನಡುಗೆರೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ನಾನು ವಠಾರದಲ್ಲೇ ಬೆಳೆದವಳು. ಚಳಿಯಲ್ಲಿ ಚೆಂಬು ಹಿಡಿದು ಸಾಲು ನಿಂತ ಕಷ್ಟವೂ ಗೊತ್ತು, ಅಮ್ಮನಿಗೆ ಜ್ವರ ಬಂದಾಗ ಕೇಳದೆಯೇ ಗಂಜಿ ತಂದುಕೊಟ್ಟ ಪಕ್ಕದ ಮನೆಯಾಕೆಯೂ ಗೊತ್ತು. ಹಳೆಯ ಓಣಿ ಚೆಂದವೆಂದು ಉಳಿಸುವವರು ಮನೆಯೊಳಗೊಂದು ಕಕ್ಕಸನ್ನೂ ಕಟ್ಟಿಸಿಕೊಡಲಿ. ಹೊಸ ಮನೆ ಕೊಡುವವರು ನೆರೆಹೊರೆಯನ್ನೂ ಜೊತೆಗೇ ಕಳಿಸಲಿ. ಎರಡನ್ನೂ ಕೇಳಿದರೆ ಅತಿಯಾಸೆಯೇ? ನೀವೇ ಹೇಳಿ.

ಅಯ್ಯೋ, ಮೂರನೇ ಸೀಟಿ ಆಯಿತು. ಬರಲೇ?