ಹೊಡಿಯೋದು ಯಾವಾಗ?

ಪಟ್ಟದಕಲ್ಲಿನ ಪರಿಚಯದವರೊಬ್ಬರ ಮನೆಯಲ್ಲಿ ಒಂದು ಸಂಜೆ ‘ಎದೆಗಾರಿಕೆ’ ಸಿನಿಮಾ ನೋಡುತ್ತಿದ್ದೆವು. ಅರ್ಧ ಗಂಟೆಯೂ ಆಗಿರಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗ ಚಡಪಡಿಸತೊಡಗಿದ. “ಬರೇ ಮಾತ ಅದಾವಲ್ರಿ ಕಾಕಾ, ಮುಂದಕ್ಕ ಓಡ್ಸಿಬಿಡ್ರಿ. ಹೊಡಿಯೋದು ಯಾವಾಗ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ರಾತ್ರಿಯಿಡೀ ನನ್ನನ್ನು ಕಾಡಿತು.

‘ಎದೆಗಾರಿಕೆ’ 2012ರಲ್ಲಿ ತೆರೆಕಂಡ ಚಿತ್ರ. ಅಗ್ನಿ ಶ್ರೀಧರ್ ಅವರ ಅದೇ ಹೆಸರಿನ ಕಾದಂಬರಿಯನ್ನು ಸುಮನಾ ಕಿತ್ತೂರು ತೆರೆಗೆ ತಂದರು. ಸೋನಾ ಮುಂಬಯಿ ಭೂಗತ ಲೋಕದ ಒಬ್ಬ ಯುವ ಹಂತಕ. ಅವನನ್ನು ಮುಗಿಸುವ ಕೆಲಸ ಬೆಂಗಳೂರಿನವರ ಪಾಲಿಗೆ ಬರುತ್ತದೆ. ಅವನನ್ನು ಮಲೆನಾಡಿನ ಕಾಡಿನತ್ತ ಕರೆದೊಯ್ಯುತ್ತಾರೆ. ದಾರಿಯುದ್ದಕ್ಕೂ ಮಾತು, ಊಟ, ತಮಾಷೆ. ಕೊಲ್ಲಬೇಕಾದವನು ಕೊಲ್ಲುವವರಿಗೇ ಇಷ್ಟವಾಗತೊಡಗುತ್ತಾನೆ. ಕತೆಯ ಗಂಟು ಇರುವುದೇ ಇಲ್ಲಿ. ಆ ಹುಡುಗ ‘ಓಡಿಸಿ’ ಎಂದದ್ದು ಸರಿಯಾಗಿ ಈ ಭಾಗವನ್ನೇ!

ಅದೇ 2012ರಲ್ಲಿ ‘ದಂಡುಪಾಳ್ಯ’ವೂ ಬಂತು. ನಿಜವಾದ ಹಂತಕರ ತಂಡವೊಂದರ ಕತೆ ಎಂಬ ಹೆಸರಿನಲ್ಲಿ ಕತ್ತು ಕೊಯ್ಯುವುದನ್ನು, ಒದ್ದಾಡುವ ದೇಹವನ್ನು ನಮ್ಮೆದುರು ಹರವಿಟ್ಟಿತು. ಜನ ಮುಗಿಬಿದ್ದು ನೋಡಿದರು. ಮುಂದಿನ ಭಾಗಗಳೂ ಬಂದವು. ಅಲ್ಲಿ ಸಾಯುವವರಿಗೆ ಮುಖವೇ ಇಲ್ಲ, ಇರುವುದು ಕತ್ತು ಮಾತ್ರ. ಹೊಸಕೋಟೆ ಬಳಿಯ ಒಂದು ಊರಿನ ಹೆಸರೇ ಬೈಗುಳವಾಗಿಹೋಯಿತು. ಆ ಊರಿನಲ್ಲೂ ದುಡಿದು ಉಣ್ಣುವ ಜನ, ಶಾಲೆಗೆ ಹೋಗುವ ಮಕ್ಕಳು ಇದ್ದಾರೆಂದು ಟಿಕೆಟ್ ಕೊಂಡವರಲ್ಲಿ ಎಷ್ಟು ಜನ ಯೋಚಿಸಿದರು?

ಇಂಥ ಮಾತು ಬಂದಾಗ ಎರಡು ಸಿದ್ಧ ಉತ್ತರಗಳಿವೆ. ಹಿಂಸೆ ಇರುವ ಸಿನಿಮಾಗಳನ್ನೆಲ್ಲ ನಿಷೇಧಿಸಿ ಎನ್ನುವುದು ಒಂದು. ಅದು ಬರಿ ಮನರಂಜನೆ, ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದು ಇನ್ನೊಂದು. ಎರಡೂ ಸೋಮಾರಿಗಳ ಉತ್ತರ. ನಿಷೇಧ ಕೇಳುವವರು ಇದೇ ಪಟ್ಟದಕಲ್ಲಿನ ಗುಡಿಗಳನ್ನೊಮ್ಮೆ ಸುತ್ತಿ ಬರಲಿ. ರಾಮಾಯಣ, ಮಹಾಭಾರತದ ಯುದ್ಧಗಳು ಅಲ್ಲಿ ಕಲ್ಲಿನಲ್ಲಿವೆ. ಆದರೆ ರಾವಣನನ್ನು ತಡೆದು ಬೀಳುವ ಜಟಾಯುವನ್ನು ಕಂಡಾಗ ನಮ್ಮ ಎದೆ ಹಕ್ಕಿಗಾಗಿ ಮರುಗುತ್ತದೆಯೇ ಹೊರತು ಖಡ್ಗಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ಹಿಂಸೆಯನ್ನು ತೋರಿಸುವುದು ತಪ್ಪಲ್ಲ, ಯಾರ ಪಕ್ಕದಲ್ಲಿ ನಿಂತು ತೋರಿಸುತ್ತೀರಿ ಎನ್ನುವುದೇ ಪ್ರಶ್ನೆ.

ಕಾದಂಬರಿಯಲ್ಲಿ ಓದುಗ ನಡುವೆ ಪುಸ್ತಕ ಮಡಚಿಟ್ಟು ಉಸಿರೆಳೆದುಕೊಳ್ಳಬಹುದು. ರಕ್ತವನ್ನು ಅವನೇ ಕಲ್ಪಿಸಿಕೊಳ್ಳಬೇಕು, ಆದ್ದರಿಂದ ಅದರ ಭಾರವನ್ನೂ ಅವನೇ ಹೊರಬೇಕು. ಸಿನಿಮಾ ಆ ಬಿಡುವು ಕೊಡುವುದಿಲ್ಲ. ಎಲ್ಲಿ ಬೆಚ್ಚಬೇಕು, ಎಲ್ಲಿ ಶಿಳ್ಳೆ ಹೊಡೆಯಬೇಕು ಎಂಬುದನ್ನು ಹಿನ್ನೆಲೆ ಸಂಗೀತವೇ ಹೇಳಿಕೊಡುತ್ತದೆ. ಅದಕ್ಕೇ ಕಾದಂಬರಿಯನ್ನು ತೆರೆಗೆ ತರುವವರ ಹೊಣೆ ದೊಡ್ಡದು.

‘ಎದೆಗಾರಿಕೆ’ ಈ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿದೆ. ಆದರೂ ನನ್ನದೊಂದು ತಕರಾರಿದೆ. ಸಾವಿಗೆ ಅಂಜದಿರುವುದೇ ಎದೆಗಾರಿಕೆ ಎಂಬ ಗುಂಗು ಈ ಚಿತ್ರಕ್ಕೂ ಇದೆ. ಗಂಡಸರು ಗಂಡಸರನ್ನು ಮೆಚ್ಚಿಕೊಳ್ಳುವ ಈ ಲೋಕದಲ್ಲಿ ಹೆಣ ಮನೆಗೆ ಬಂದ ಮೇಲೆ ಸಂಸಾರ ನಡೆಸುವವಳ ಎದೆಗಾರಿಕೆಗೆ ಲೆಕ್ಕವಿಲ್ಲ. ಭೂಗತ ಲೋಕದ ಚಿತ್ರಗಳ ಇನ್ನೊಂದು ಚಾಳಿಯನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಸುಪಾರಿ ಎಂದರೆ ಬಂದವರಿಗೆ ಕೊಡುವ ಅಡಿಕೆ. ಸಿನಿಮಾದಲ್ಲಿ ಅದು ಕೊಲೆಯ ದರ. ಅದನ್ನು ಪಡೆಯುವವನ ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯತ ಎಷ್ಟು ಸಲ ಬಂದಿಲ್ಲ! ಹೀಗೆ ನೋಡಿ ನೋಡಿ ಬಸ್‌ಸ್ಟ್ಯಾಂಡಿನಲ್ಲಿ ಸುರ್ಮಾ ಹಚ್ಚಿದ ಬಡಪಾಯಿಯನ್ನು ಕಂಡಾಗಲೂ ಅನುಮಾನ ಮೂಡಿದರೆ ಅದರ ಹೊಣೆ ಯಾರದು?

ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, ಎಂಟನೆಯ ಶತಮಾನದಲ್ಲಿ. ಆ ಯುದ್ಧದಲ್ಲೂ ನೆತ್ತರು ಹರಿದಿರಲೇಬೇಕು. ಆದರೆ ಗೆದ್ದ ರಾಜ ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡು, ಅದನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಕನ್ನಡದ ಶಾಸನವನ್ನೂ ಅಲ್ಲೇ ಬರೆಯಿಸಿದ. ಎಷ್ಟು ತಲೆ ಕಡಿದೆ ಎಂಬುದನ್ನಲ್ಲ, ಯಾವುದನ್ನು ಮುಟ್ಟಲಿಲ್ಲ ಎಂಬುದನ್ನು ಸೋತವರ ಊರಿನಲ್ಲಿ ಕೆತ್ತಿಸಿದ. ಕೈಯಲ್ಲಿ ಖಡ್ಗವಿದ್ದೂ ಕೈ ತಡೆದುಕೊಳ್ಳುವುದು, ನನ್ನ ಪ್ರಕಾರ ಎದೆಗಾರಿಕೆ ಎಂದರೆ ಇದು.

ಇಂದು ಬೀದಿಯಲ್ಲಿ ಯಾರನ್ನಾದರೂ ಹೊಡೆಯುತ್ತಿದ್ದರೆ ಬಿಡಿಸಲು ಹೋಗುವ ಕೈಗಳಿಗಿಂತ ಮೊಬೈಲ್ ಎತ್ತುವ ಕೈಗಳೇ ಹೆಚ್ಚು. ಆ ತುಣುಕು ರಾತ್ರಿಯೊಳಗೆ ಊರೂರು ಸುತ್ತುತ್ತದೆ. ಅದರಲ್ಲಂತೂ ಮಾತೇ ಇರುವುದಿಲ್ಲ, ಬರೀ ಹೊಡೆತ. ‘ಮುಂದಕ್ಕೆ ಓಡಿಸಿ’ ಎಂದು ನಾವು ಕೇಳುತ್ತ ಬಂದದ್ದು ಇಲ್ಲಿಗೆ ಬಂದು ಮುಟ್ಟಿದೆ. ಸಿನಿಮಾ ಮಾಡುವವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ನಾವು ಏನನ್ನು ಕೇಳುತ್ತೇವೋ ಅದನ್ನೇ ಅವರು ಮಾರುತ್ತಾರೆ.

ಅಂದು ನಾನು ಸಿನಿಮಾವನ್ನು ಓಡಿಸಲಿಲ್ಲ. ಹುಡುಗ ಮುಖ ಗಂಟು ಹಾಕಿಕೊಂಡೇ ಕುಳಿತ. ಕೊನೆಯ ಹೊತ್ತಿಗೆ ಅವನ ಚಡಪಡಿಕೆ ನಿಂತಿತ್ತು. ಎದ್ದು ಹೊರಡುವಾಗ, “ಅಷ್ಟ ಮಾತಾಡಿದ ಮ್ಯಾಲ ಹೊಡಿಯಾಕ ಹೆಂಗ ಮನಸ್ಸ ಬರತೈತ್ರಿ ಕಾಕಾ?” ಎಂದು ಕೇಳಿದ.

ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಮೊದಲಿನ ಪ್ರಶ್ನೆಗಿಂತ ಇದು ಸಾವಿರ ಪಾಲು ವಾಸಿ.