ಸುಟ್ಟ ಗಾಯಕ್ಕೆ ಅಂದಾಜು ಸಾಲದು, ಅಳತೆ ಬೇಕು

ಜತ್ತ, ಅಕ್ಕಲಕೋಟ ಭಾಗದ ಹಳ್ಳಿಯಿಂದ ಮೈ ಸುಟ್ಟವರನ್ನು ದೊಡ್ಡ ದವಾಖಾನೆಗೆ ಕಳಿಸುವಾಗ ಚೀಟಿಯಲ್ಲಿ ‘ಭಾಳ ಸುಟ್ಟಿದೆ’ ಎಂದು ಬರೆದರೆ ಸಾಲದು. ಎಷ್ಟು ಶೇಕಡಾ ಸುಟ್ಟಿದೆ, ರೋಗಿಯ ತೂಕ ಎಷ್ಟು ಎಂಬುದರ ಮೇಲೆ ಸಲಾಯಿನ್ ಲೆಕ್ಕ ನಿಂತಿದೆ. ಕಡಿಮೆ ಹಿಡಿದರೆ ಮೂತ್ರಪಿಂಡಕ್ಕೆ ಪೆಟ್ಟು, ಹೆಚ್ಚು ಹಿಡಿದರೆ ಬಾವು, ಉಸಿರಿಗೆ ತ್ರಾಸು.

ಅಳತೆ ಕಠಿಣ ಏನಲ್ಲ. ರೋಗಿಯದೇ ಅಂಗೈ, ಬೆರಳು ಸಮೇತ, ಸುಮಾರು ಶೇ. 1. ದೊಡ್ಡವರ ತಲೆ-ಕುತ್ತಿಗೆ ಶೇ. 9, ಕೂಸಿಗೆ ಅದೇ ಸುಮಾರು ಶೇ. 18. ಬರೀ ಕೆಂಪಾದ ಚರ್ಮ ಲೆಕ್ಕಕ್ಕಿಲ್ಲ.

ಪ್ರತಿ ಆರೋಗ್ಯ ಕೇಂದ್ರದ ಗೋಡೆಗೆ ಮಕ್ಕಳದು, ದೊಡ್ಡವರದು ಎರಡೂ ನಕ್ಷೆ ಮರಾಠಿ-ಕನ್ನಡದಾಗ ಹಚ್ಚಬೇಕು. ಚೀಟಿಯಲ್ಲಿ ಶೇಕಡಾ ಜೊತೆ ಸುಟ್ಟ ವೇಳೆಯೂ ಇರಲಿ. ಸಲಾಯಿನ್ ತಾಸು ಎಣಿಸೋದು ದವಾಖಾನೆ ಮುಟ್ಟಿದಾಗಿನಿಂದಲ್ಲ, ಸುಟ್ಟಾಗಿನಿಂದ.