ದೋಣಿಯ ದೀಪ ಇಂಜಿನ್ನಿನಿಂದಲೇ ಉರಿಯಲಿ

ಅಡಿಕೆಯ ಕೊಳೆರೋಗ, ತೆಂಗಿನ ನುಸಿಪೀಡೆ, ಮಕ್ಕಳ ಹೊಟ್ಟೆಹುಳ ಇವುಗಳ ಬಗ್ಗೆ ಬರೆಯುವ ಈ ಅಂಕಣದಲ್ಲಿ ದೋಣಿಯ ಬ್ಯಾಟರಿಗೇನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಮಂಜೇಶ್ವರದಿಂದ ಚಂದ್ರಗಿರಿಯ ತನಕ ಹೊಳೆಯನ್ನೂ ಕಡಲನ್ನೂ ನಂಬಿ ಬದುಕುವವರಿಗೆ ದೋಣಿಯೇ ಗದ್ದೆ, ಬಲೆಯೇ ನೇಗಿಲು. ಗದ್ದೆಯ ಪಂಪಿನ ಬಗ್ಗೆ ಬರೆಯಬಹುದಾದರೆ ದೋಣಿಯ ಇಂಜಿನ್ನಿನ ಬಗ್ಗೆಯೂ ಬರೆಯಬಹುದು.

ಇದಕ್ಕೆ ಕಾರಣವಾದ ಒಂದು ಸಣ್ಣ ಘಟನೆಯಿದೆ. ಒಮ್ಮೆ ಹೊಳೆಯಾಚೆ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರನ್ನು ಕಂಡು ನಾವು ರಾತ್ರಿ ಹಿಂತಿರುಗುತ್ತಿದ್ದೆವು. ಔಟ್‌ಬೋರ್ಡ್ ಇಂಜಿನ್ನಿನ ಚಿಕ್ಕ ದೋಣಿ, ಅಮಾವಾಸ್ಯೆಯ ಆಸುಪಾಸು. ನಡುಹೊಳೆಯಲ್ಲಿ ದೋಣಿಯ ದೀಪ ಮಂಕಾಗುತ್ತಾ ಬಂದು ಕೆಂಪು ಕಿಡಿಯಷ್ಟಾಗಿ ಆರಿಹೋಯಿತು. ಇಂಜಿನ್ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ ಅಳಿವೆಯ ಕಡೆಯಿಂದ ಇನ್ನೊಂದು ದೋಣಿಯ ಸದ್ದು ಕೇಳಿಸಿತು. ಅದರಲ್ಲಿಯೂ ದೀಪವಿರಲಿಲ್ಲ. ನಮ್ಮ ದೋಣಿಯವರು ಮೊಬೈಲಿನ ಟಾರ್ಚನ್ನು ಎತ್ತಿ ಹಿಡಿದು ಕೂಗಿಕೊಂಡುದರಿಂದ ಎರಡೂ ದೋಣಿಗಳು ಒಂದು ಮಾರಿನ ಅಂತರದಲ್ಲಿ ಪಾರಾದವು. "ಬ್ಯಾಟರಿ ಚಾರ್ಜಿಗೆ ಕೊಡಲು ಈ ವಾರ ಪುರುಸೊತ್ತಾಗಲಿಲ್ಲ ಫಾದರ್" ಎಂದರು ಅವರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ನೂರಾರು ಸುತ್ತು ತಿರುಗುವ ಒಂದು ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ಬ್ಯಾಟರಿಯನ್ನು ಮಾತ್ರ ರಿಕ್ಷಾದಲ್ಲಿಟ್ಟು ಪೇಟೆಗೆ ಹೊತ್ತೊಯ್ಯುವುದು ಬಾವಿಯ ಕಟ್ಟೆಯಲ್ಲಿ ಕುಳಿತು ನೀರು ಕೊಂಡು ತಂದಂತೆ. ಇಂಜಿನ್ನಿನಿಂದಲೇ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆಯನ್ನು ಪ್ರತಿಯೊಂದು ಸಣ್ಣ ದೋಣಿಯಲ್ಲಿಯೂ ಮಾಡಿಕೊಳ್ಳಬೇಕು. ಮಾಡುವುದಾದರೆ ಅರೆಬರೆ ಮಾಡಬಾರದು. ಇದು ನಮ್ಮ ದೃಢವಾದ ಅಭಿಪ್ರಾಯ.

ಈ ವಿಷಯದಲ್ಲಿ ನಮ್ಮವರ ಉದಾಸೀನಕ್ಕೆ ಕಾರಣ ಇಂಜಿನ್ನಿನ ಒಳ್ಳೆಯ ಗುಣವೇ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಇಂಜಿನ್ನುಗಳಲ್ಲಿ ಪ್ಲಗ್ಗಿನ ಕಿಡಿಗೆ ಬೇಕಾದ ವಿದ್ಯುತ್ತು ಫ್ಲೈವೀಲಿನ ಅಯಸ್ಕಾಂತದಿಂದಲೇ ಹುಟ್ಟುತ್ತದೆ. ಬ್ಯಾಟರಿ ಸತ್ತರೂ ಇಂಜಿನ್ ನಿಲ್ಲುವುದಿಲ್ಲ. ಹಾಗಾಗಿ ಬ್ಯಾಟರಿ ಸತ್ತದ್ದು ತಿಳಿಯುವುದು ದೀಪವೋ ರೇಡಿಯೋವೋ ತುರ್ತಾಗಿ ಬೇಕಾದಾಗ, ಅಂದರೆ ತೀರ ತಡವಾದಾಗ.

ವಿದ್ಯುತ್ತು ಹುಟ್ಟುವ ಬಗೆ ಸರಳವಾದುದು. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟರು. ಫ್ಲೈವೀಲಿನ ಅಡಿಯಲ್ಲಿ ಕಿಡಿಯ ಸುರುಳಿಯ ಜೊತೆಗೆ ದೀಪಕ್ಕೆಂದೇ ಇನ್ನೊಂದು ಸುರುಳಿಯನ್ನು ಕೂರಿಸಬಹುದು. ಇದಕ್ಕೆ ಲೈಟಿಂಗ್ ಕಾಯಿಲ್ ಎನ್ನುತ್ತಾರೆ. ಕೆಲವು ಇಂಜಿನ್ನುಗಳಲ್ಲಿ ಇದು ಮೊದಲೇ ಇರುತ್ತದೆ, ಕೆಲವಕ್ಕೆ ಬೇರೆಯಾಗಿ ತರಿಸಿ ಹಾಕಬೇಕಾಗುತ್ತದೆ. ಆದರೆ ಅದರಿಂದ ಬರುವುದು ಏಸಿ, ಎಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನ ಡಿಸಿ. ನಡುವೆ ರೆಕ್ಟಿಫೈಯರ್ ಎಂಬ ಬಾಗಿಲು ಬೇಕು. ಅದರೊಳಗೆ ನಾಲ್ಕು ಡಯೋಡುಗಳಿದ್ದು ವಿದ್ಯುತ್ತನ್ನು ಒಂದೇ ಕಡೆಗೆ ಬಿಡುತ್ತವೆ. ಸುರುಳಿಯ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು "ಚಾರ್ಜ್ ಆಗುವುದಿಲ್ಲ" ಎಂದು ದೂರುವವರಿದ್ದಾರೆ. ಆಗುವುದು ಹೇಗೆ? ತುಂಬಿದ ಬ್ಯಾಟರಿಯೂ ಸುರುಳಿಯ ಮೂಲಕ ಖಾಲಿಯಾಗುತ್ತದೆ, ಸುರುಳಿಯೂ ಸುಟ್ಟೀತು.

ಇನ್ನೊಂದು ತೊಡಕಿದೆ. ಇಂಜಿನ್ನಿನ ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ. 12 ವೋಲ್ಟಿನ ಬ್ಯಾಟರಿಗೆ ಚಾರ್ಜ್ ಆಗುವಾಗ ಸುಮಾರು 14.4 ವೋಲ್ಟಿಗಿಂತ ಹೆಚ್ಚು ಬೇಡ. ಅದನ್ನು ಹಿಡಿತದಲ್ಲಿಡುವುದು ರೆಗ್ಯುಲೇಟರ್. ನೀರು ಹಾಕುವ ದೊಡ್ಡ ಬ್ಯಾಟರಿಯಾದರೆ ಸಣ್ಣ ಸುರುಳಿಯ ಕಾಟವನ್ನು ಸ್ವಲ್ಪ ತಡೆದುಕೊಂಡೀತು. ಮುಚ್ಚಿದ ಬ್ಯಾಟರಿ, ಎಲ್‌ಇಡಿ ದೀಪ, ರೇಡಿಯೋ ತಡೆದುಕೊಳ್ಳಲಾರವು. ಆದುದರಿಂದ ರೆಕ್ಟಿಫೈಯರೂ ರೆಗ್ಯುಲೇಟರೂ ಒಂದಾಗಿರುವ ಘಟಕವನ್ನೇ ಕೊಳ್ಳುವುದು ಲೇಸು. ಹಳೆಯ ಬೈಕಿನದನ್ನು ಕಿತ್ತು ಹಾಕುವ ಚಾಳಿ ನಮ್ಮಲ್ಲುಂಟು. ಬೈಕುಗಳಲ್ಲಿ ಹಲವಕ್ಕೆ ಸುರುಳಿಯ ಒಂದು ತುದಿ ಬಾಡಿಗೆ ಸೇರಿರುತ್ತದೆ. ಜೋಡಣೆ ಹೊಂದುತ್ತದೋ ಎಂದು ತಿಳಿದವರಿಂದ ನೋಡಿಸದೆ ಹಾಕಬಾರದು.

ಈಗ ಲೆಕ್ಕಕ್ಕೆ ಬರೋಣ. 60 ವಾಟಿನ ಸುರುಳಿ ಪೂರ್ಣ ವೇಗದಲ್ಲಿ ಸುಮಾರು 5 ಆಂಪಿಯರ್ ಕೊಡುತ್ತದೆ. ಇಂಜಿನ್ ಸುಮ್ಮನೆ ಗುರುಗುಟ್ಟುತ್ತಿದ್ದರೆ ಹೆಚ್ಚೇನೂ ಕೊಡದು. ಹೋಗಿಬರುವ ಓಟ 3 ಗಂಟೆ, ಸರಾಸರಿ 4 ಆಂಪಿಯರ್ ಎಂದಿಟ್ಟುಕೊಂಡರೆ 12 ಆಂಪಿಯರ್-ಗಂಟೆ. ಅದರಲ್ಲಿ ಐದನೆಯ ಒಂದು ಪಾಲು ನಷ್ಟವೆಂದು ಕಳೆದರೂ 9ಕ್ಕಿಂತ ಹೆಚ್ಚು ಉಳಿಯಿತು. ಖರ್ಚೇನು? 5 ವಾಟಿನ ಎಲ್‌ಇಡಿ ದೀಪ ರಾತ್ರಿ 10 ಗಂಟೆ ಉರಿದರೆ 4 ಆಂಪಿಯರ್-ಗಂಟೆಗಿಂತ ತುಸು ಹೆಚ್ಚು. ಮೊಬೈಲಿಗೆ 1, ಕೇಳುತ್ತಾ ಇರುವ ರೇಡಿಯೋಗೆ 3 ಎಂದು ಹಿಡಿದರೂ ಆದಾಯ ಖರ್ಚುಗಳು ಸರಿಹೊಂದುತ್ತವೆ. ಅದೇ 21 ವಾಟಿನ ಹಳೆಯ ಬಲ್ಬಾದರೆ ದೀಪವೊಂದಕ್ಕೇ 17.5 ಬೇಕು. ಆ ಸಂಸಾರ ಸಾಲಕ್ಕೆ ಬೀಳುವುದು ಖಂಡಿತ. ಚಾರ್ಜಿಂಗ್ ವ್ಯವಸ್ಥೆಗೆ ಮೊದಲು ಬಲ್ಬು ಬದಲಿಸಿರೆಂದು ನಾವು ಹೇಳುವುದು ಇದಕ್ಕೇ.

ವಯರಿಂಗಿನ ಕ್ರಮ ಹೀಗೆ: ಸುರುಳಿಯ ಎರಡು ತಂತಿಗಳು ರೆಗ್ಯುಲೇಟರಿನ ಏಸಿ ಗುರುತಿನ ಎರಡು ತುದಿಗಳಿಗೆ, ಅಲ್ಲಿಂದ ಪ್ಲಸ್ ತಂತಿ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್‌ಗೆ, ಮೈನಸ್ ತಂತಿ ಮೈನಸ್‌ಗೆ. ದೀಪ, ರೇಡಿಯೋಗಳಿಗೆ ಬ್ಯಾಟರಿಯಿಂದ ಬೇರೆ ಫ್ಯೂಸಿನ ಮೂಲಕ ಬೇರೆ ತಂತಿ. 5 ಆಂಪಿಯರಿನ ಸುರುಳಿಗೆ 10 ಆಂಪಿಯರಿನ ಫ್ಯೂಸ್ ಸಾಕು. ಅದನ್ನು ಇಂಜಿನ್ನಿನ ಬಳಿಯಲ್ಲ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಹಾಕಬೇಕು. ತಂತಿ ಎಲ್ಲಿಯೋ ಸವೆದು ತಾಗಿದರೆ ಬೆಂಕಿಯ ಶಕ್ತಿ ಬರುವುದು ಬ್ಯಾಟರಿಯಿಂದ. ತೋಟದ ಬೇಲಿಯ ಗೇಟು ದನ ಬರುವ ದಾರಿಯಲ್ಲಿರಬೇಕಲ್ಲವೇ? ಫ್ಯೂಸ್ ಹೋಯಿತೆಂದು ತಂತಿಯ ಎಳೆ ಸುತ್ತಿದವರು ಪೆಟ್ರೋಲು, ಸೀಮೆಎಣ್ಣೆಗಳ ನಡುವೆ ತಾವು ಕುಳಿತಿರುವುದನ್ನು ಮರೆತವರು.

ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಮನೆಯ ವಯರಿಂಗಿನ ಒಂಟಿ ಎಳೆಯ ತಂತಿ ಇಂಜಿನ್ನಿನ ನಡುಕಕ್ಕೆ ಒಳಗೊಳಗೇ ತುಂಡಾಗುತ್ತದೆ. ಹಲವು ಎಳೆಗಳ, ತವರ ಲೇಪಿಸಿದ ತಾಮ್ರದ ತಂತಿಯೇ ಬೇಕು. ಬ್ಯಾಟರಿ 3 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 6 ಮೀಟರ್. 1 ಚದರ ಮಿಲಿಮೀಟರಿನ ತಂತಿಯಲ್ಲಿ 5 ಆಂಪಿಯರ್ ಹರಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರುತ್ತದೆ, 2.5ರ ತಂತಿಯಲ್ಲಿ ಸೋರುವುದು ಕಾಲು ವೋಲ್ಟಿಗೂ ಕಡಿಮೆ. ಕೈಯಿಂದ ತಿರುಚಿ ಟೇಪು ಸುತ್ತಿದ ಜೋಡಣೆಗೆ ಉಪ್ಪುಗಾಳಿ ತಗುಲಿ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ತುದಿಗಳನ್ನು ಒತ್ತಿ ಕೂರಿಸಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ, ಗ್ರೀಸ್ ಸವರಬೇಕು. ಇಂಜಿನ್ ನಿಲ್ಲಿಸುವ ಗುಂಡಿಯ ತಂತಿಗೂ ಕಿಡಿಯ ಸುರುಳಿಗೂ ಕೈ ಹಾಕಲೇಬಾರದು. ಅಲ್ಲಿ ತಪ್ಪಿದರೆ ಇಂಜಿನ್ ನಡುಗಡಲಲ್ಲಿ ನಿಂತೀತು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚುವುದೂ ಪ್ಲಸ್ ಮೈನಸ್ ಅದಲು ಬದಲು ಮಾಡುವುದೂ ಡಯೋಡಿಗೆ ಮರಣ.

ಸರಿಯಾಗಿದೆಯೇ ಎಂದು ನೋಡಲು ಒಂದು ಸಾದಾ ಮಲ್ಟಿಮೀಟರ್ ಸಾಕು. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು. ಇಂಜಿನ್ ನಡುವೇಗದಲ್ಲಿ ಓಡುವಾಗ 13.5ರಿಂದ 14.5ರ ಒಳಗೆ ಏರಿದರೆ ಚಾರ್ಜ್ ಆಗುತ್ತಿದೆ. ಏರದಿದ್ದರೆ ಮೊದಲು ಫ್ಯೂಸ್, ಆಮೇಲೆ ಸುರುಳಿಯ ಏಸಿ, ಕೊನೆಗೆ ರೆಗ್ಯುಲೇಟರ್ ನೋಡಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಹಾಗೆಯೇ ಓಡಿಸಬೇಡಿ.

ಇದು ಆರೋಗ್ಯದ ಅಂಕಣವೂ ಹೌದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲಾದರೆ ಕಿಡಿ ಸೋಕಿದೊಡನೆ ಸಿಡಿಯಬಲ್ಲುದು. ಆದುದರಿಂದ ಬ್ಯಾಟರಿಯ ಬಳಿ ಬೀಡಿ ಬೇಡ, ಗಾಳಿಯಾಡುವ ಪೆಟ್ಟಿಗೆ ಬೇಕು. ಪೆಟ್ಟಿಗೆ ದೋಣಿಯ ತಳಕ್ಕಿಂತ ಎತ್ತರದಲ್ಲಿ, ಎಣ್ಣೆಯ ಟ್ಯಾಂಕಿನಿಂದ ದೂರದಲ್ಲಿ, ಬಿಗಿಯಾಗಿ ಕಟ್ಟಲ್ಪಟ್ಟಿರಲಿ. ಬ್ಯಾಟರಿಯೊಳಗೆ ಉಪ್ಪುನೀರು ನುಗ್ಗಿದರೆ ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ. ಆಸಿಡ್ ಮೈಗೆ ಬಿದ್ದರೆ ತೆಂಗಿನೆಣ್ಣೆ ಸವರುವುದಲ್ಲ, ಧಾರಾಳವಾಗಿ ನೀರು ಸುರಿಯುವುದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಹಳೆಯ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆಯಬೇಡಿ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಮಕ್ಕಳಿಗೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯ ಬ್ಯಾಟರಿ ಅಧಿಕೃತ ಮರುಬಳಕೆಗೇ ಹೋಗಬೇಕೆನ್ನುತ್ತವೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟುಬಿಡಿ.

"ಇಷ್ಟೆಲ್ಲ ಯಾಕೆ ಫಾದರ್, ಒಂದು ಸೋಲಾರ್ ದೀಪ ಸಾಲದೇ?" ಎಂದು ಕೇಳುವವರುಂಟು. ಹೊಳೆ ದಾಟಿ ತೆಂಗಿನಕಾಯಿ ತರುವವರಿಗೆ ಸಾಕು, ನಾವು ಒಪ್ಪುತ್ತೇವೆ. ಆದರೆ ಆಟಿಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಕರಾವಳಿಯಲ್ಲಿ, ಯಾಂತ್ರಿಕ ಟ್ರಾಲರುಗಳಿಗೆ ನಿಷೇಧವಿದ್ದು ಸಣ್ಣ ದೋಣಿಗಳೇ ಕಡಲಿಗಿಳಿಯುವ ಆ ದಿನಗಳಲ್ಲಿ, ಸೋಲಾರನ್ನೇ ನಂಬುವಂತಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ, ಮೊದಲೇ ಕಡಲಿಗೆ ಹೋಗಿದ್ದ ಅನೇಕರಿಗೆ ಎಚ್ಚರಿಕೆ ತಲುಪಲಿಲ್ಲ. ದಡದಿಂದ ದೂರ ಹೋದಂತೆ ಮೊಬೈಲ್ ಮೂಕವಾಗುತ್ತದೆ. ಅಲ್ಲಿ ಮಾತಾಡುವುದು ವಿಎಚ್‌ಎಫ್ ರೇಡಿಯೋ, ಅದರ 16ನೇ ಚಾನೆಲ್. ಬ್ಯಾಟರಿಯಿಲ್ಲದ ರೇಡಿಯೋ ಬರೀ ಡಬ್ಬಿ. ದೀಪವೂ ಅಲಂಕಾರವಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ 7 ಮೀಟರಿಗಿಂತ ಚಿಕ್ಕದಾದ, 7 ನಾಟ್ ವೇಗ ಮೀರದ ಇಂಜಿನ್ ದೋಣಿಯೂ ಸುತ್ತಲೂ ಕಾಣುವ ಬಿಳಿ ದೀಪವೊಂದನ್ನು ತೋರಿಸಲೇಬೇಕು.

ಎಲ್ಲರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ದೋಣಿ ಕಟ್ಟುವ ಪ್ರತಿಯೊಂದು ಕಡವಿಗೂ ಒಂದು ಮಲ್ಟಿಮೀಟರ್, ತುದಿ ಒತ್ತುವ ಒಂದು ಇಕ್ಕಳ, ಫ್ಲೈವೀಲ್ ಎಬ್ಬಿಸುವ ಒಂದು ಪುಲ್ಲರ್ ಇದ್ದರೆ ಹತ್ತಾರು ದೋಣಿಗಳಿಗೆ ಆಯಿತು. ಐಟಿಐ ಕಲಿತು ಗಲ್ಫಿನ ವೀಸಾ ಕಾಯುತ್ತಿರುವ ಹುಡುಗರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವರನ್ನು ಕರೆದು, ಕೂಲಿ ಕೊಟ್ಟು, ಈ ಕೆಲಸ ಮಾಡಿಸಿ. ಬಿಟ್ಟಿ ಕೆಲಸಕ್ಕೆ ಕರೆಯಬೇಡಿ. ಬಿಟ್ಟಿ ಮಾಡಿದ ಜೋಡಣೆ ತಿರುಚಿದ ತಂತಿಯಲ್ಲೇ ಮುಗಿಯುತ್ತದೆ.

ನಮ್ಮನ್ನು ದಾಟಿಸಿದ ಆ ದೋಣಿಯವರು ಈಗ ಸುರುಳಿ, ರೆಗ್ಯುಲೇಟರ್, ಫ್ಯೂಸ್ ಎಲ್ಲವನ್ನೂ ಹಾಕಿಸಿಕೊಂಡಿದ್ದಾರೆ. ಮೊನ್ನೆ ಸಂಜೆ ಕಡವಿನಲ್ಲಿ ನಿಂತು ಅವರ ದೀಪ ಅಳಿವೆಯಾಚೆ ಸಾಗುವುದನ್ನು ಬಹಳ ಹೊತ್ತು ನೋಡಿದೆವು. ಆದರೆ ಎದುರಿನಿಂದ ಬಂದ ದೋಣಿಯಲ್ಲಿ ಅಂದೂ ದೀಪವಿರಲಿಲ್ಲ. ಡಿಕ್ಕಿ ತಪ್ಪಬೇಕಾದರೆ ಎರಡೂ ದೋಣಿಗಳಲ್ಲಿ ದೀಪವಿರಬೇಕು.